ಅಂಬರೀಶನ ಹಾಡು

ಬೆಟಗೇರಿಯ ಮುಚ್ಚಿದ ಹತ್ತಿ ಗಿರಣಿಯಲ್ಲಿ ಪಂಕ್ ಹಾಡು ಕಿವಿಗಡಚಿಕ್ಕುತ್ತಿದ್ದಾಗ ರೋಜಾ ತಟ್ಟನೆ ಗಿಟಾರ್ ನಿಲ್ಲಿಸಿದಳು. ಅವಳು ಬಿಟ್ಟುಬಂದ ಗಂಡ ಅಂಬರೀಶ ವೇದಿಕೆಯ ಬುಡದಲ್ಲೇ ನಿಂತಿದ್ದ. ಗಿಟಾರ್ ಮುಟ್ಟಬೇಡವೆಂದು ಅವಳ ಎಡಗೈ ಬೆರಳುಗಳನ್ನು ಒರಳಿನ ಮೇಲಿಟ್ಟು ಜಜ್ಜಿದವನು. ಆಮೇಲೆ ಅವಳು ಗಿಟಾರನ್ನು ತಿರುವಿ ಹಿಡಿದು, ಬಲಗೈಯಲ್ಲಿ ತಂತಿ ಒತ್ತುವುದನ್ನು ಹೊಸದಾಗಿ ಕಲಿತಿದ್ದಳು.

“ಸಾಕಿನ್ನ, ಮನಿಗೆ ನಡಿ. ಮಂದ್ಯಾಗ ನನ್ನ ಮರ್ಯಾದಿ ಕಳೀಬ್ಯಾಡ,” ಎಂದ ಅಂಬರೀಶ.

ರೋಜಾ ಸೊಟ್ಟ ಬೆರಳುಗಳನ್ನು ಬೆಳಕಿಗೆ ಹಿಡಿದು ಮೈಕಿನಲ್ಲಿ ಹೇಳಿದಳು: “ಇವನ್ನ ಜಜ್ಜಿದಾಂವ ಯಾರಂತ ಕೇಳ್ತಿದ್ರಲ್ಲ? ಇಲ್ಲೇ ನಿಂತಾನ ನೋಡ್ರಿ, ಅಂಬರೀಶ. ಮುಂದಿನ ಹಾಡು ಇವನ ಮ್ಯಾಲ. ಪಲ್ಲವಿ ಸಲೀಸ ಐತಿ, ಬರೇ ಇವನ ಹೆಸರು. ಎಲ್ಲಾರೂ ಒದರ್ರಿ!”

ಅವಳು ತಂತಿ ಮೀಟಿದಳು. ಪಲ್ಲವಿ ಎರಡನೆಯ ಸಲ ಬರುವಷ್ಟರಲ್ಲಿ ಇಡೀ ಗಿರಣಿ ಅವನ ಹೆಸರು ಒದರುತ್ತಿತ್ತು. ಅಂಬರೀಶ ತಲೆ ತಗ್ಗಿಸಿ ಬಾಗಿಲು ಹುಡುಕುತ್ತಿದ್ದ.