ಒಣ ನೆಲ

ನೋವಿನ ಮುಲಾಮಿನ ವಾಸನೆ ಬಂದರೆ ಮಗರಪಟ್ಟಾದ ಮನೆಯ ಆ ಮಧ್ಯಾಹ್ನ ಈಗಲೂ ಕಣ್ಣೆದುರು ನಿಲ್ಲುತ್ತದೆ.

ಪಕ್ಕದ ಮನೆಯ ಕೊರಿಯನ್ ಆಂಟಿಯಿಂದ ಅಮ್ಮ ತೇಕ್ಯೋನ್ ಕಲಿಯುತ್ತಿದ್ದಳು. ಮೊಣಕಾಲು ಬಾಗಿಸಿ, ತೂಗಾಡುತ್ತಾ ಹೆಜ್ಜೆ ಹಾಕಿ, ಕಾಲಿನಿಂದಲೇ ಎದುರಾಳಿಯನ್ನು ಕೆಡಹುವ ಕಾಳಗ ಅದು.

“ಇದು ಬರೇ ಕುಣಿತ. ಇದರಿಂದ ಯಾರು ಬೀಳ್ತಾರ?” ಎಂದು ನಾನು ವಾದಿಸಿದ್ದೆ.

“ನಿನ್ನ ಬಾಯಿಗಿಂತ ಭಾಳ ಮೆತ್ತಗ ಅದ ಬಿಡು,” ಎಂದು ಅಮ್ಮ ನಕ್ಕಿದ್ದಳು.

ಅಂದು ಅಪ್ಪ, “ಕುಣಿಯೂದು ಮುಗೀತೇನು? ಊಟ ಎಲ್ಲಿ?” ಎನ್ನುತ್ತಾ ಎಂದಿನಂತೆ ಅವಳ ಮೇಲೆ ಕೈ ಎತ್ತಿದ. ಅಮ್ಮ ಒಮ್ಮೆ ತೂಗಿದಳು, ಪಾದದಿಂದ ಅವನ ಹಿಮ್ಮಡಿ ಸೆಳೆದಳು. ಅಪ್ಪ ನೆಲದ ಮೇಲಿದ್ದ!

ಅಜ್ಜಿ ಮಗನ ಸೊಂಟಕ್ಕೆ ಮುಲಾಮು ತಿಕ್ಕಿದಳು. “ನೆಲಾ ಹಸಿ ಇತ್ತು, ಜಾರಿದಿ. ಹೌದಿಲ್ಲೋ?”

ನೆಲ ಒಣಗಿತ್ತು.

ಅಪ್ಪ ಅಮ್ಮನ ಪಾದಗಳನ್ನೇ ನೋಡುತ್ತಾ ಅಂದ: “ಹೌದವ್ವಾ. ಹಸಿ ಇತ್ತು.”