ಬೆನ್ನ ಮೇಲಿನ ಕೈ

ಬ್ರಾಡ್‌ಕೂಂಬ್ ಚರ್ಚಿನ ಏರಿನಲ್ಲಿ ಅಮ್ಮನ ಸೈಕಲ್ ಓಲಾಡಿದ್ದೇ ತಡ, ಪಕ್ಕದಲ್ಲಿ ತುಳಿಯುತ್ತಿದ್ದ ಟೆಸ್ಸಾ ಅವಳ ಬೆನ್ನಿಗೆ ಅಂಗೈ ಆನಿಸಿದಳು. ಸೋತವರನ್ನು ಹೀಗೆ ತಳ್ಳಿ ಏರು ಹತ್ತಿಸುವುದು ಅವರ ಭಾನುವಾರದ ಸೈಕಲ್ ಬಳಗದ ರೂಢಿ.

"ಕೈ ತೆಗಿಯೇ! ನಾನೇನು ತಳ್ಳೋ ಗಾಡಿನಾ?" ಎಂದಳು ಎಪ್ಪತ್ತೆರಡರ ಮೇವಿಸ್.

"ಮಂಡಿ ಆಪರೇಷನ್ ಆಗಿ ಇನ್ನೂ ವರ್ಷ ತುಂಬಿಲ್ಲ. ಹಠ ಬೇಡಮ್ಮ."

"ತೆಗಿ ಅಂದ್ನಲ್ಲ!"

ಟೆಸ್ಸಾ ಕೈ ತೆಗೆದಳು. ಆದರೂ ಬೆನ್ನಿನಿಂದ ಗೇಣು ದೂರದಲ್ಲೇ ಹಿಡಿದುಕೊಂಡಳು. ಒಂಟಿ ಕೈಯಲ್ಲಿ ಆ ಕಡಿದಾದ ಏರನ್ನು ಎಷ್ಟು ದೂರ ತುಳಿದಾಳು? ತಿರುವಿನಲ್ಲಿ ಆಯ ತಪ್ಪಿ ಕಾಲು ನೆಲಕ್ಕೂರಿದಳು. ಮೇವಿಸ್ ಹಿಂತಿರುಗಿ ನೋಡಲಿಲ್ಲ. ಏದುಸಿರು ಬಿಡುತ್ತಲೇ ತುಳಿದು, ಚರ್ಚಿನ ಗೇಟು ಮುಟ್ಟಿ, ಸೈಕಲ್ ಬೆಲ್ ಬಾರಿಸಿದಳು.

ಹಿಂದಿನಿಂದ ಬಂದ ಬಳಗದ ಮುದುಕ ವಿಲ್ಫ್ ಕೇಳಿದ: "ಯಾಕೆ ನಿಂತೆ? ಅಮ್ಮನ್ನ ತಳ್ಳಲ್ವಾ?"

ಟೆಸ್ಸಾ ಇನ್ನೂ ಚಾಚಿಕೊಂಡೇ ಇದ್ದ ಕೈಯನ್ನೆತ್ತಿ ಗೇಟಿನ ಕಡೆ ತೋರಿಸಿದಳು. ಅವಳ ಮುಖ ಅರಳಿತ್ತು.

"ಅಲ್ನೋಡಿ, ನಮ್ಮಮ್ಮ! ಈಗ ಯಾರಾದ್ರೂ ನನ್ನನ್ನ ತಳ್ಳಿ."