ಒಂದು ಕಡ್ಡಿ

ಮೂರು ವರ್ಷದಿಂದ ಪ್ರತಿ ಭಾಷಣ ಸ್ಪರ್ಧೆಯಲ್ಲೂ ಮೇದಿನಿ ಮೊದಲು, ತನುಜಾ ಎರಡನೆಯವಳು. ಮೇದಿನಿಗೆ ಚಪ್ಪಾಳೆ ಬಿದ್ದಾಗಲೆಲ್ಲ ತನುಜಾಳ ಹೊಟ್ಟೆಗೆ ಹಸಿಮೆಣಸಿನಕಾಯಿ ಅರೆದು ಹಚ್ಚಿದ ಹಾಗಾಗುತ್ತಿತ್ತು. ಹೀಗಿರುವಾಗ ಒಂದು ದಿನ ಕ್ಯಾಂಟೀನಿನಲ್ಲಿ ಮೇದಿನಿಯೇ ಬಾಯಿಬಿಟ್ಟಳು.

“ನನ್ನ ಭಾಷಣ ಎಲ್ಲ ಬರೆದುಕೊಡೋದು ನಮ್ಮ ಸೋದರಮಾವ ಕಣೆ. ಯಾರಿಗೂ ಹೇಳ್ಬೇಡ.”

“ಛೇ, ನಾನ್ಯಾಕೆ ಹೇಳ್ಲಿ?” ಎಂದ ತನುಜಾ ಸಂಜೆಯೊಳಗೆ ಮೂವರ ಕಿವಿಗೆ ಹಾಕಿದಳು. ವಾರದಲ್ಲಿ ಅದು ಇಡೀ ಕಾಲೇಜಿಗೆ ಹಬ್ಬಿತು. ಈ ಸಲ ಬಹುಮಾನ ತನ್ನದೇ ಎಂದು ಅವಳು ಸ್ಪರ್ಧೆಯ ದಿನ ಮುಂದಿನ ಸಾಲಿನಲ್ಲೇ ಕೂತಳು.

ತಿಂಗಳ ಮೊದಲೇ ಪ್ರಕಟಿಸಿದ್ದ ವಿಷಯ ‘ಪ್ರೊಪಗ್ಯಾಂಡ’, ಅಂದರೆ ಪ್ರಚಾರತಂತ್ರ. ಮೇದಿನಿ ಮೈಕ್ ಹಿಡಿದಳು.

“ಈ ಪದ ಹುಟ್ಟಿದ್ದು ತೋಟದಲ್ಲಿ. ಲ್ಯಾಟಿನ್ನಿನಲ್ಲಿ ಇದರ ಮೂಲ ಅರ್ಥ, ಕಡ್ಡಿ ಮುರಿದು ಇನ್ನೊಂದು ಕಡೆ ನೆಟ್ಟು ಗಿಡ ಹಬ್ಬಿಸೋದು. ಆಮೇಲೆ ರೋಮಿನ ಪಾದ್ರಿಗಳು ಧರ್ಮ ಹಬ್ಬಿಸೋ ತಮ್ಮ ಸಮಿತಿಯ ಹೆಸರಿಗೆ ಅದನ್ನೇ ತಗೊಂಡರು. ಈಗ ಹೇಳಿ, ನನ್ನ ಭಾಷಣ ಸೋದರಮಾವ ಬರೀತಾರೆ ಅಂತ ಯಾರ್ಯಾರು ಕೇಳಿದ್ದೀರಿ?”

ನಗುವಿನ ನಡುವೆ ಸಭಾಂಗಣದ ತುಂಬ ಕೈಗಳು ಎದ್ದವು. ತನುಜಾ ಎಲ್ಲರಿಗಿಂತ ಎತ್ತರಕ್ಕೆ ಎತ್ತಿದಳು.

“ನನಗೆ ಸೋದರಮಾವನೇ ಇಲ್ಲ. ಆ ಕಡ್ಡಿನ ನಾನು ಕೊಟ್ಟಿದ್ದು ಒಬ್ಬಳ ಕೈಗೆ ಮಾತ್ರ.”